ಎರಡು ಗಂಟೆಗೊಮ್ಮೆ

ಬೆರಳಿಟ್ಟು ಒತ್ತಿ ತೆಗೆದರೂ ಆ ಕೆಂಪು ಬಿಳಿಚಿಕೊಳ್ಳಲಿಲ್ಲ. ದೊಡ್ಡ ಸಿಸ್ಟರ್ ಇನ್ನೊಮ್ಮೆ ಒತ್ತಿ ನೋಡಿದಳು. ಟೈಲರನ ಬೆನ್ನಿನ ಕೆಳತುದಿಯಲ್ಲಿ, ಮೂಳೆ ಚರ್ಮಕ್ಕೆ ತಾಗಿಕೊಂಡೇ ಇರುವ ಕಡೆ, ಅಂಗೈಯಗಲ ಕೆಂಪಾಗಿತ್ತು. ಅದರ ನಡುವೆ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ ಚರ್ಮ ಸುಲಿದು ಒದ್ದೆಯಾಗಿತ್ತು. ಟೈಲರನನ್ನು ಮಗ್ಗುಲಾಗಿ ಹಿಡಿದು ನಿಂತಿದ್ದ ಹೊಸ ಸಿಸ್ಟರ್, ಕೆಲಸಕ್ಕೆ ಸೇರಿ ಮೂರೇ ವಾರವಾಗಿದ್ದವಳು, ಕತ್ತು ಚಾಚಿ ನೋಡಿದಳು. ಸ್ಟೂಲಿನ ಮೇಲೆ ಬೇಸಿನ್ನಿನ ಬಿಸಿನೀರು ಆರುತ್ತಿತ್ತು.

ಪಾರ್ಶ್ವವಾಯು ಹೊಡೆದವನಿಗೆ ತನ್ನ ಮೈಯನ್ನು ತಾನೇ ಹೊರಳಿಸಿಕೊಳ್ಳಲು ಆಗುವುದಿಲ್ಲ. ಎರಡು ಗಂಟೆಗೊಮ್ಮೆ ಬೇರೆಯವರು ಮಗ್ಗುಲು ಬದಲಿಸಬೇಕು. ಇಲ್ಲದಿದ್ದರೆ ಮೈಯ ಭಾರವೇ ಮೈಯನ್ನು ತಿನ್ನುತ್ತದೆ. ನರ್ಸಿಂಗ್ ಓದುವ ಹುಡುಗಿಯರಿಗೆ ಮೊದಲ ವರ್ಷದಲ್ಲೇ ಹೇಳಿಕೊಡುವ ಪಾಠ ಇದು. ಇಪ್ಪತ್ತೆರಡು ವರ್ಷದಿಂದ ಈ ಗಂಡಸರ ವಾರ್ಡಿನಲ್ಲಿರುವ ದೊಡ್ಡ ಸಿಸ್ಟರ್, ಹೊಸದಾಗಿ ಬಂದವರಿಗೆಲ್ಲ ಅದನ್ನು ಮತ್ತೆ ಮೊದಲಿನಿಂದ ಹೇಳಿಕೊಡುತ್ತಿದ್ದಳು. ತನ್ನ ವಾರ್ಡಿನಲ್ಲಿ ಬೆನ್ನುಹುಣ್ಣು ಆಗುವುದಿಲ್ಲ ಅನ್ನುವುದು ಅವಳಿಗಿದ್ದ ಒಂದೇ ಒಂದು ಜಂಬ.

ಅಷ್ಟರಲ್ಲಿ ಟೈಲರನ ಹೆಂಡತಿ ಒಗೆದ ಟವೆಲ್ಲನ್ನು ಕೊಡವುತ್ತ ಒಳಗೆ ಬಂದಳು. ಇಬ್ಬರೂ ಏನನ್ನು ನೋಡುತ್ತಿದ್ದಾರೆಂದು ತಾನೂ ಬಗ್ಗಿ ನೋಡಿದಳು.

"ಅದಾ? ಮೊನ್ನೆಯಿಂದ್ಲೇ ಸ್ವಲ್ಪ ಕೆಂಪಗಿತ್ತು ಸಿಸ್ಟರಮ್ಮ."

"ಮೊನ್ನೇನೇ ನೋಡಿದ್ರಾ? ಮತ್ತೆ ಯಾಕೆ ಹೇಳ್ಲಿಲ್ಲ?"

"ನೀವಾದ್ರೂ ಎಷ್ಟೂಂತ ಓಡಾಡ್ತೀರ. ಇಷ್ಟಕ್ಕೆಲ್ಲ ನಿಮ್ಮನ್ನ ಕರೆಯೋಕೆ ಮನಸ್ಸಾಗ್ಲಿಲ್ಲ," ಎಂದು ಆಕೆ ನಕ್ಕಳು. ಆಮೇಲೆ, ಎಂದಿನ ಹಾಗೆ, ನೀವಿದ್ದೀರಲ್ಲ ಅದೇ ನಮ್ಮ ಪುಣ್ಯ ಎಂದಳು.

ಈ ಮಾತನ್ನು ಆಕೆ ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದಳೋ ಲೆಕ್ಕವಿಲ್ಲ. ಜ್ವರ ನೋಡಿದರೆ ಒಂದು ಸಲ, ಮಾತ್ರೆ ಕೊಟ್ಟರೆ ಒಂದು ಸಲ, ರಕ್ತ ತೆಗೆಯಲು ಬಂದವನು ಎರಡು ಕಡೆ ಚುಚ್ಚಿ ನರ ಸಿಗದೆ ಬೆವರಿದಾಗ ಅವನಿಗೂ ಒಂದು ಸಲ. ಬರೀ ಬಾಯಿಮಾತಲ್ಲ, ಕೈಯೂ ಸುಮ್ಮನೆ ಕೂರುತ್ತಿರಲಿಲ್ಲ. ಗಂಡನ ಅಂಗಡಿಗೆ ಮೂವತ್ತು ವರ್ಷ ಕಾಜಾ ಮಾಡಿ, ಗುಂಡಿ ಹೊಲಿದು ಕೊಟ್ಟವಳು. ಆಸ್ಪತ್ರೆಯ ಗೌನುಗಳಿಗೆ ಲಾಡಿ ಇರುವುದೇ ಅಪರೂಪ. ರೋಗಿಗಳು ಬೆನ್ನ ಹಿಂದೆ ಒಂದು ಕೈಯಲ್ಲಿ ಮಾನ ಹಿಡಿದುಕೊಂಡೇ ಕಕ್ಕಸಿಗೆ ನಡೆಯುವುದು ಅಲ್ಲಿನ ವಾಡಿಕೆ. ಆಕೆ ಬಂದ ಎರಡನೆಯ ವಾರಕ್ಕೆ ಇಡೀ ವಾರ್ಡಿನಲ್ಲಿ ಲಾಡಿಯಿಲ್ಲದ ಗೌನು ಒಂದೂ ಉಳಿದಿರಲಿಲ್ಲ. ಆಯಾಳ ಚೀಲದ ಜಿಪ್ಪು, ಕಿಟಕಿಯ ಪರದೆ, ದೊಡ್ಡ ಸಿಸ್ಟರ್‌ನ ಏಪ್ರನ್ನಿನ ಹರಿದ ಜೇಬು, ಎಲ್ಲಕ್ಕೂ ಆಕೆಯ ಸೂಜಿ ತಾಗಿತ್ತು. ಬಿಡುವು ಸಿಕ್ಕಾಗ ಸಿಸ್ಟರುಗಳು ಆ ಹಾಸಿಗೆಯ ಹತ್ತಿರ ಹೋಗಿ ಎರಡು ನಿಮಿಷ ನಿಲ್ಲುತ್ತಿದ್ದರು. ಬೈಗುಳವೇ ಸಂಬಳದ ಜೊತೆಗೆ ಬರುವ ಕೆಲಸದಲ್ಲಿ ಹೊಗಳಿಕೆ ಯಾರಿಗೆ ಬೇಡ?

ಪಕ್ಕದ ಹಾಸಿಗೆಯಲ್ಲಿ ಬೆಲ್ ತಾತ ಇದ್ದರು. ತೂಕ ಮತ್ತು ಅಳತೆಯ ಇಲಾಖೆಯಲ್ಲಿ ಇದ್ದು, ಅಂಗಡಿಯವರ ತಕ್ಕಡಿಯಲ್ಲಿ ತಪ್ಪು ಹಿಡಿದೇ ಆಯುಷ್ಯ ಸವೆಸಿದವರು. ಕಾಲಿನ ಗಾಯ ಮಾಯದೆ ವಾರ್ಡಿಗೆ ಸೇರಿದ ಮೇಲೆ ಹಿಡಿಯಲು ಬೇರೆ ತಪ್ಪು ಸಿಗದೆ ಸಿಸ್ಟರುಗಳನ್ನು ಹಿಡಿದುಕೊಂಡಿದ್ದರು. ನೀರು ಐದು ನಿಮಿಷ ತಡವಾದರೆ ಬೆಲ್, ದಿಂಬು ಜಾರಿದರೆ ಬೆಲ್, ಬೆಲ್ ಒತ್ತಿ ಎಷ್ಟು ಹೊತ್ತಾಯಿತು ಎಂದು ಕೇಳಲು ಇನ್ನೊಂದು ಬೆಲ್. ಅವರನ್ನು ಕಂಡರೆ ಯಾರಿಗೂ ಆಗುತ್ತಿರಲಿಲ್ಲ. ಆದರೆ ಅವರ ಬಾಯಿಗೆ ಹೆದರಿ ಅವರ ಕೆಲಸವೆಲ್ಲ ಗಡಿಯಾರ ಹೊಡೆದ ಹಾಗೆ ನಡೆದುಹೋಗುತ್ತಿತ್ತು.

ಕೆಲಸ ತಪ್ಪಿದ್ದು ಟೈಲರನ ವಿಷಯದಲ್ಲಿ. ಅದೂ ಹೇಗೆ ತಪ್ಪಿತೆಂದರೆ, ತಪ್ಪಿದ್ದು ಯಾರಿಗೂ ತಿಳಿಯದ ಹಾಗೆ. ಬುಧವಾರ ಇಬ್ಬರು ಸಿಸ್ಟರುಗಳು ರಜೆ ಹಾಕಿದ್ದರು. ಹತ್ತು ಗಂಟೆಗೆ ದೊಡ್ಡ ಸಿಸ್ಟರ್ ಮಗ್ಗುಲು ಬದಲಿಸಲು ಬಂದಾಗ ಟೈಲರ್ ಎತ್ತರಿಸಿದ ಹಾಸಿಗೆಗೆ ಬೆನ್ನು ಕೊಟ್ಟು ಅರ್ಧ ಕೂತ ಹಾಗೆ ಮಲಗಿದ್ದ. ಎದುರಿಗೆ ಹೆಂಡತಿ ಯಾರದೋ ಅಂಗಿಗೆ ಕಾಜಾ ಮಾಡುತ್ತಿದ್ದಳು. ಅವನ ಬಲಗೈ, ಬಲಗಾಲು ಬಿದ್ದುಹೋಗಿದ್ದವು, ಮಾತೂ ಹೋಗಿತ್ತು. ಆದರೆ ಆಕೆಯ ಸೂಜಿ ಒಳಗೆ ಹೋಗಿ ಹೊರಗೆ ಬಂದ ಹಾಗೆಲ್ಲ ಅವನ ಎಡಗೈಯ ಎರಡು ಬೆರಳು ಹೊದಿಕೆಯ ಮೇಲೆ ಅಲುಗುತ್ತಿದ್ದವು. ನೋಡಲು ಚೆಂದವಾಗಿತ್ತು. ಆಕೆ ದೊಡ್ಡ ಸಿಸ್ಟರ್‌ಗೆ, ನೋಡ್ತಾ ಖುಷಿಯಾಗಿದಾರೆ, ನೀವು ಮೊದಲು ಒಂದು ಲೋಟ ಟೀ ಕುಡೀರಿ, ಆಮೇಲೆ ಮಾಡೋಣ ಎಂದಳು. ಫ್ಲಾಸ್ಕಿನ ಮುಚ್ಚಳದಲ್ಲಿ ಟೀ ಬಗ್ಗಿಸಿಯೂ ಕೊಟ್ಟಳು. ಅಷ್ಟು ಹೊತ್ತಿಗೆ ಬೆಲ್ ಆಯಿತು.

ಹನ್ನೆರಡಕ್ಕೂ ಹಾಗೇ ಆಯಿತು. ಟೈಲರನದು ಆಮೇಲೆ ಮಾಡಿದರೂ ನಡೆಯುತ್ತದೆ, ಅವರೇನೂ ಅಂದುಕೊಳ್ಳುವುದಿಲ್ಲ ಎಂದು ದೊಡ್ಡ ಸಿಸ್ಟರ್ ಮನಸ್ಸಿನಲ್ಲೇ ಹೇಳಿಕೊಂಡಳು. ಎರಡಕ್ಕೂ ಹಾಗೇ ಹೇಳಿಕೊಂಡಳು. ನಾಲ್ಕಕ್ಕೆ ಪಾಳಿ ಮುಗಿಯುವ ಮೊದಲು ಒಮ್ಮೆ ಹೊರಳಿಸಿ, ಹಾಸಿಗೆಯ ಕಾಲಬದಿಯಲ್ಲಿ ತೂಗುಹಾಕಿದ್ದ ಚಾರ್ಟು ಕೈಗೆತ್ತಿಕೊಂಡಳು. ಎಂಟು, ಹತ್ತು, ಹನ್ನೆರಡು, ಎರಡು, ನಾಲ್ಕು ಎಂದು ಚೌಕಗಳು. ಪ್ರತಿ ಸಲ ಹೊರಳಿಸಿದಾಗಲೂ ಪೆನ್ನು ಹುಡುಕಿ ಸಹಿ ಹಾಕುತ್ತ ಕೂತರೆ ವಾರ್ಡು ನಡೆಯುವುದಿಲ್ಲ. ಕೊನೆಯಲ್ಲಿ ಐದೂ ಚೌಕಕ್ಕೆ ಒಂದೇ ಉಸಿರಿನಲ್ಲಿ ಸಹಿ ಹಾಕಿಬಿಡುವುದು ಅಲ್ಲಿ ಎಲ್ಲರೂ ಮಾಡಿಕೊಂಡು ಬಂದ ರೂಢಿ. ಉಳಿದ ರೋಗಿಗಳ ವಿಷಯದಲ್ಲಿ ಆ ಸಹಿ ನಿಜವೇ ಆಗಿತ್ತು. ಟೈಲರನ ಚಾರ್ಟಿನಲ್ಲಿ ಐದರಲ್ಲಿ ಎರಡು ಮಾತ್ರ ನಿಜ. ಆದರೂ ಪೆನ್ನು ತಡೆಯಲಿಲ್ಲ. ಗುರುವಾರವೂ ತಡೆಯಲಿಲ್ಲ, ಶುಕ್ರವಾರವೂ ಇಲ್ಲ. ಮೈ ಒರೆಸುವ ಕೆಲಸವನ್ನು ನಾನೇ ಮಾಡ್ತೀನಿ ಬಿಡಿ ಎಂದು ಹೆಂಡತಿಯೇ ವಹಿಸಿಕೊಂಡಿದ್ದರಿಂದ ಅವನ ಬೆನ್ನನ್ನು ಬೆಳಕಿನಲ್ಲಿ ಸರಿಯಾಗಿ ನೋಡಿದವರೂ ಇರಲಿಲ್ಲ. ಈ ಶನಿವಾರ ನೋಡಿದ್ದು, ಸೋಮವಾರ ಅವನನ್ನು ಕೆಳಗಿನ ಫಿಸಿಯೋ ವಾರ್ಡಿಗೆ ಕಳಿಸಬೇಕಿತ್ತು ಎಂಬ ಕಾರಣಕ್ಕೆ.

ಆ ಫಿಸಿಯೋ ವಾರ್ಡಿಗಾಗಿ ಗಂಡ ಹೆಂಡತಿ ಎರಡು ವಾರದಿಂದ ಬಾಯಿಬಿಟ್ಟುಕೊಂಡು ಕಾದಿದ್ದರು. ಅಲ್ಲಿ ಕೂರಿಸುತ್ತಾರೆ, ಕಂಬಿ ಹಿಡಿಸಿ ನಿಲ್ಲಿಸುತ್ತಾರೆ, ಕೈಗೆ ಕೆಲಸ ಕೊಡುತ್ತಾರೆ. ಮೊದಲ ಮೂರು ತಿಂಗಳಲ್ಲಿ ಕೈ ಎಷ್ಟು ತಿರುಗಿ ಬರುತ್ತದೋ ಅದೇ ಮುಖ್ಯ, ಆಮೇಲೆ ಬರುವುದು ನಿಧಾನ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಟೈಲರನಿಗೆ ಬಲಗೈ ಅಂದರೆ ಏನೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಡಾಕ್ಟರು ಹತ್ತೂವರೆಗೆ ರೌಂಡ್ಸಿಗೆ ಬಂದು ಹುಣ್ಣು ನೋಡಿ ಹುಬ್ಬು ಗಂಟಿಕ್ಕಿದರು. ಈ ಗಾಯ ಇಟ್ಟುಕೊಂಡು ಕೂರಿಸುವ ಹಾಗಿಲ್ಲ, ಮಾಯಲು ಏನಿಲ್ಲವೆಂದರೂ ಮೂರು ವಾರ ಬೇಕು, ಅಲ್ಲಿಯವರೆಗೆ ಕೆಳಗಿನ ಹಾಸಿಗೆಯನ್ನು ಖಾಲಿ ಇಡಲು ಆಗುವುದಿಲ್ಲ, ಬೇರೆಯವರಿಗೆ ಕೊಡುತ್ತಾರೆ ಎಂದರು. ಹೇಳುತ್ತಲೇ ಚಾರ್ಟು ತೆಗೆದು ನೋಡಿದರು. ಎಲ್ಲ ಚೌಕವೂ ತುಂಬಿತ್ತು. ಹೆಂಡತಿಯ ಕಡೆ ತಿರುಗಿ, ಇದರಲ್ಲಿ ಯಾರ ತಪ್ಪೂ ಇಲ್ಲ, ಕೆಲವರ ಚರ್ಮವೇ ಸೂಕ್ಷ್ಮ, ಸಿಸ್ಟರು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದಾರೆ ಎಂದು ಸಮಾಧಾನ ಹೇಳಿ ಮುಂದಿನ ಹಾಸಿಗೆಗೆ ಹೋದರು.

ಆಕೆ ಸೆರಗಿನ ತುದಿಯಿಂದ ಕಣ್ಣೊತ್ತಿಕೊಂಡಳು. ಆಮೇಲೆ ದೊಡ್ಡ ಸಿಸ್ಟರ್‌ನ ತೋಳು ಮುಟ್ಟಿ, "ನೀವು ಬೇಜಾರು ಮಾಡ್ಕೋಬೇಡಿ ಸಿಸ್ಟರಮ್ಮ. ನೀವೇನು ಮಾಡೋಕಾಗುತ್ತೆ," ಎಂದಳು.

ದೊಡ್ಡ ಸಿಸ್ಟರ್ ಗಾಯಕ್ಕೆ ಪಟ್ಟಿ ಅಂಟಿಸಿ, ಟೈಲರನನ್ನು ಎಡಮಗ್ಗುಲಿಗೆ ಮಲಗಿಸಿ, ಕೈ ತೊಳೆದು ನೇರ ಮೇಟ್ರನ್ ಕೋಣೆಗೆ ನಡೆದಳು.

ಮೇಟ್ರನ್ನೂ ಅವಳೂ ಒಂದೇ ಹಾಸ್ಟೆಲಿನಲ್ಲಿ ಓದಿದವರು. ಇಬ್ಬರೇ ಇದ್ದಾಗ ಏಕವಚನ. ದೊಡ್ಡ ಸಿಸ್ಟರ್ ಸುತ್ತಿ ಬಳಸದೆ ಎಲ್ಲ ಹೇಳಿದಳು. ಮೇಟ್ರನ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳಿಸಿಕೊಂಡರು. ತಪ್ಪು ತಪ್ಪೇ, ವರದಿ ಬರೆದುಕೊಡು, ಡಾಕ್ಟರಿಗೆ ನಾನು ಹೇಳುತ್ತೇನೆ, ಇವತ್ತಿನಿಂದ ಎಲ್ಲರೂ ಹೊರಳಿಸಿದ ತಕ್ಷಣವೇ ಬರೆಯಲಿ ಎಂದರು. ಅದರಲ್ಲಿ ಗದರಿಕೆಯೂ ಇರಲಿಲ್ಲ, ರಿಯಾಯಿತಿಯೂ ಇರಲಿಲ್ಲ. ಹೆಂಡತಿಗೂ ಹೇಳಬೇಕು ಎಂದು ದೊಡ್ಡ ಸಿಸ್ಟರ್ ಅಂದಾಗ ಮಾತ್ರ ಕನ್ನಡಕ ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು.

"ಹೇಳಿ ಏನು ಸಾಧಿಸ್ತೀಯ? ಹುಣ್ಣು ಮಾಯುತ್ತಾ? ಅವರು ನಿನ್ನನ್ನ ನಂಬ್ಕೊಂಡು ಮನೆಗೆ ಹೋಗಿ ನಿದ್ದೆ ಮಾಡ್ತಿದಾರೆ. ಇರೋ ಒಂದು ನೆಮ್ಮದೀನೂ ಯಾಕೆ ಕಿತ್ಕೋತೀಯ?"

ಮಾತು ಸರಿಯೆನಿಸಿತು. ಸರಿಯೆನಿಸಿತು ಅನ್ನುವುದಕ್ಕಿಂತ, ಇದ್ದದ್ದು ಇದ್ದ ಹಾಗೆ ಹೇಳುವುದಾದರೆ, ಆ ಮಾತನ್ನು ಯಾರಾದರೂ ಹೇಳಲಿ ಎಂದೇ ಅವಳು ಅಲ್ಲಿಗೆ ಹೋಗಿದ್ದಳು. ಮೆಟ್ಟಿಲು ಇಳಿಯುವಾಗ ಎದೆಯ ಮೇಲಿನ ಕಲ್ಲು ಅರ್ಧ ಇಳಿದಿತ್ತು. ಹೇಳುವುದಿಲ್ಲ ಎಂದು ನಿರ್ಧಾರ ಮಾಡಿಯಾಗಿತ್ತು. ಬದಲಿಗೆ ಮೂರು ವಾರ ಟೈಲರನನ್ನು ಅಂಗೈಯಲ್ಲಿಟ್ಟು ನೋಡಿಕೊಂಡು, ಹೇಗಾದರೂ ಓಡಾಡಿ ಫಿಸಿಯೋ ವಾರ್ಡಿನಲ್ಲಿ ಮತ್ತೆ ಹಾಸಿಗೆ ಕೊಡಿಸಿದರಾಯಿತು ಎಂದು ಲೆಕ್ಕ ಹಾಕುತ್ತ ವಾರ್ಡಿಗೆ ಬಂದಳು.

ಬಂದರೆ ಅಲ್ಲಿ ಟೈಲರನ ಹೆಂಡತಿ ಹೊಸ ಸಿಸ್ಟರನ್ನು ಕೂರಿಸಿಕೊಂಡು ಏನೋ ಬರೆಸುತ್ತಿದ್ದಳು. ಹುಡುಗಿಯ ತೊಡೆಯ ಮೇಲೆ ವಾರ್ಡಿನ ಅಭಿಪ್ರಾಯ ಪುಸ್ತಕ ಇತ್ತು. ರೋಗಿಗಳ ಕಡೆಯವರು ಹೊಗಳಲಿ, ತೆಗಳಲಿ ಎಂದು ಇಟ್ಟಿದ್ದ ಆ ಪುಸ್ತಕದಲ್ಲಿ ಮುಕ್ಕಾಲು ಪಾಲು ಬೆಲ್ ತಾತನದೇ ಬರಹ. ನನ್ನ ಅಕ್ಷರ ಚೆನ್ನಾಗಿಲ್ಲವೆಂದು ಹುಡುಗಿಯ ಕೈಯಲ್ಲಿ ಬರೆಸುತ್ತಿದ್ದೇನೆ, ಡಾಕ್ಟರು ಹುಣ್ಣಿನ ವಿಷಯಕ್ಕೆ ನಿಮ್ಮನ್ನು ಏನಾದರೂ ಅಂದುಬಿಟ್ಟರೆ ಇದು ಇರಲಿ ಎಂದು ಆಕೆ ದೊಡ್ಡ ಸಿಸ್ಟರ್‌ಗೆ ಹೇಳಿದಳು. ಹೇಳಿ, ಬಿಟ್ಟಲ್ಲಿಂದ ಮುಂದುವರಿಸಿದಳು.

"ಬರಿಯಮ್ಮ. ದೊಡ್ಡ ಸಿಸ್ಟರ್ ಅವರು ಎರಡು ಗಂಟೆಗೊಮ್ಮೆ ತಪ್ಪದೆ ಬಂದು ನಮ್ಮ ಯಜಮಾನರನ್ನು ಹೊರಳಿಸಿ ಮಲಗಿಸುತ್ತಿದ್ದರು."

ಹೊಸ ಸಿಸ್ಟರ್‌ನ ಪೆನ್ನು ನಿಂತಿತು. ಅವಳು ತಲೆಯೆತ್ತಿ ದೊಡ್ಡ ಸಿಸ್ಟರ್‌ನ ಮುಖ ನೋಡಿದಳು. ಆ ಮೂರು ದಿನ ಅವಳೂ ಅದೇ ವಾರ್ಡಿನಲ್ಲಿದ್ದಳು, ಎಲ್ಲವನ್ನೂ ಕಂಡಿದ್ದಳು. ಆದರೂ ಆ ನೋಟದಲ್ಲಿ ಆಪಾದನೆ ಇರಲಿಲ್ಲ. ಇಂಥ ಹೊತ್ತಿನಲ್ಲಿ ಏನು ಬರೆಯಬೇಕು ಎಂದು ಕಲಿಸುವವರನ್ನು ಕೇಳುವ ಹಾಗಿತ್ತು, ಅಷ್ಟೇ. ದೊಡ್ಡ ಸಿಸ್ಟರ್‌ಗೆ ಅದನ್ನು ತಾಳಿಕೊಳ್ಳಲು ಆಗಲಿಲ್ಲ.

"ಅದನ್ನ ಬರೀಬೇಡ," ಎಂದಳು.

ಬಂದು ಹಾಸಿಗೆಯ ಅಂಚಿನಲ್ಲಿ, ಟೈಲರನಿಗೂ ತನ್ನ ಮುಖ ಕಾಣುವ ಹಾಗೆ ಕುಳಿತಳು. ಅವನಿಗೆ ಮಾತು ಹೋಗಿತ್ತೇ ಹೊರತು ತಿಳಿವಳಿಕೆ ಹೋಗಿರಲಿಲ್ಲ. ಏನೂ ಮುಚ್ಚಿಡದೆ ಹೇಳಿದಳು. ಬುಧವಾರ, ಗುರುವಾರ, ಶುಕ್ರವಾರ ನನ್ನ ಪಾಳಿಯಲ್ಲಿ ಬೆಳಗ್ಗೆ ಎಂಟಕ್ಕೆ ಬಿಟ್ಟರೆ ಸಾಯಂಕಾಲ ನಾಲ್ಕರವರೆಗೆ ಇವರನ್ನು ಹೊರಳಿಸಿಲ್ಲ, ಎಂಟು ಗಂಟೆ ಒಂದೇ ಕಡೆ ಭಾರ ಬಿದ್ದು ಚರ್ಮ ಹೋಗಿದೆ, ಚಾರ್ಟಿನಲ್ಲಿ ಮಾತ್ರ ಹೊರಳಿಸಿದ್ದೇನೆ ಎಂದು ಬರೆದಿದ್ದೇನೆ ಎಂದಳು.

ಆಕೆ ಅಭ್ಯಾಸಬಲದಿಂದ, "ಹೋಗ್ಲಿ ಬಿಡಿ ಸಿಸ್ಟರಮ್ಮ, ನೀವಾದ್ರೂ..." ಎಂದು ಶುರುಮಾಡಿ ಅರ್ಧಕ್ಕೇ ನಿಲ್ಲಿಸಿದಳು.

"ಡಾಕ್ಟರು ಚರ್ಮ ಸೂಕ್ಷ್ಮ ಅಂದ್ರಲ್ಲ?"

"ಚಾರ್ಟ್ ನೋಡಿ ಹಾಗಂದ್ರು. ಚಾರ್ಟಲ್ಲಿ ನಾನು ಬರೆದಿದ್ದೇ ಸುಳ್ಳು."

ಆಕೆ ಗಂಡನನ್ನು ನೋಡಿದಳು. ಅವನು ದೊಡ್ಡ ಸಿಸ್ಟರನ್ನೇ ನೋಡುತ್ತಿದ್ದ. ಗಂಟಲಿನಿಂದ ಒಂದು ಸದ್ದು ಹೊರಟು ಅಲ್ಲೇ ಮುಗಿಯಿತು. ಅವನು ಕಣ್ಣು ಮುಚ್ಚಿಕೊಂಡ.

"ನಾನು ಅಷ್ಟೊಂದು ಸಲ ನಮ್ಮ ಪುಣ್ಯ ನಮ್ಮ ಪುಣ್ಯ ಅಂತಿದ್ದೆನಲ್ಲ," ಎಂದಳು ಆಕೆ, ಮೆಲ್ಲಗೆ. "ಎಲ್ಲಾ ಪ್ರೀತಿಗೇ ಹೇಳಿದ್ದು ಅಂದ್ಕೊಂಡ್ರಾ? ಅರ್ಧ ಭಯಕ್ಕೆ ಹೇಳಿದ್ದು. ಇವರಿಗೆ ಬಾಯಿಲ್ಲ. ನಾನೇನಾದ್ರೂ ಅಂದು ನಿಮ್ಮ ಮನಸ್ಸು ಮುರಿದ್ರೆ, ನಾನು ಮನೆಗೆ ಹೋದಾಗ ಇವರನ್ನ ಯಾರು ನೋಡ್ತಾರೆ? ಕೆಂಪಾಗಿದ್ದು ಕಂಡಾಗ ನಾಲಿಗೆ ತುದಿವರೆಗೂ ಬಂದಿತ್ತು. ನುಂಗ್ಕೊಂಡೆ. ಗೌನಿಗೆಲ್ಲ ಲಾಡಿ ಹೊಲ್ಕೊಟ್ಟಿದ್ದೂ ಅದಕ್ಕೇ. ಚೆನ್ನಾಗಿದ್ರೆ ಚೆನ್ನಾಗಿ ನೋಡ್ಕೋತೀರ ಅಂತ."

ಬೈದಿದ್ದರೆ ದೊಡ್ಡ ಸಿಸ್ಟರ್ ತಡೆದುಕೊಳ್ಳುತ್ತಿದ್ದಳು. ಬೈಗುಳಕ್ಕೆ ಅವಳ ಚರ್ಮ ಎಂದೋ ದಪ್ಪವಾಗಿತ್ತು. ಇದು ಬೇರೆ. ಈ ಒಂದು ಹಾಸಿಗೆಯ ಹತ್ತಿರ ತನ್ನನ್ನು ಮೆಚ್ಚುವವರಿದ್ದಾರೆ ಎಂದುಕೊಂಡು ಅವಳು ಕುಡಿದ ಒಂದೊಂದು ಲೋಟ ಟೀಯೂ ಈಗ ಗಂಟಲಿಗೆ ಬಂದ ಹಾಗಾಯಿತು. ಕ್ಷಮಿಸಿ ಎಂದಳು. ಆಕೆ ಪುಸ್ತಕ ಮುಚ್ಚಿಡಮ್ಮ ಎಂದು ಹುಡುಗಿಗೆ ಹೇಳಿ, ಮಗಳಿಗೆ ಫೋನ್ ಮಾಡಲು ವರಾಂಡಕ್ಕೆ ಹೋದಳು.

ಹನ್ನೆರಡಕ್ಕೆ ದೊಡ್ಡ ಸಿಸ್ಟರೂ ಹೊಸ ಸಿಸ್ಟರೂ ಸೇರಿ ಟೈಲರನನ್ನು ಬಲಮಗ್ಗುಲಿಗೆ ಹೊರಳಿಸಿದರು. ಆಕೆ ಆಗ ಇನ್ನೂ ವರಾಂಡದಲ್ಲೇ ಇದ್ದಳು. ತಿರುಗಿ ಬಂದಾಗ ಕಣ್ಣು ಕೆಂಪಗಿದ್ದವು. ಗಂಡನ ಹೊದಿಕೆ ಸರಿಮಾಡಿ ಕುಳಿತಳು. ಮಧ್ಯಾಹ್ನದ ಮಾತ್ರೆ ಕೊಡಲು ಹೋದ ಹೊಸ ಸಿಸ್ಟರ್ ಒಂದು ಕ್ಷಣ ಸುಮ್ಮನೆ ನಿಂತಿದ್ದು ವಾಪಸು ಬಂದಳು. ಆ ಹಾಸಿಗೆಯ ಹತ್ತಿರ ಕೆಲಸ ಮುಗಿಸಿ ಒಂದು ಹೊಗಳಿಕೆಯೂ ಇಲ್ಲದೆ ಬರಿಗಿವಿಯಲ್ಲಿ ಬಂದದ್ದು ಅದೇ ಮೊದಲು.

ಎರಡು ಗಂಟೆಯ ಹೊತ್ತಿಗೆ ದೊಡ್ಡ ಸಿಸ್ಟರ್ ಬೆಲ್ ತಾತನ ಕಾಲಿನ ಗಾಯ ತೊಳೆದು ಬಟ್ಟೆ ಸುತ್ತುತ್ತಿದ್ದಳು. ಸುತ್ತಿನ ಮೇಲೆ ಸುತ್ತು ಸಮವಾಗಿ ಬರುತ್ತಿಲ್ಲ ಎಂದು ತಾತ ತಕರಾರು ತೆಗೆದಿದ್ದರು. ಬೆನ್ನ ಹಿಂದೆ ಯಾರೋ ಬಂದು ನಿಂತ ಹಾಗಾಯಿತು.

"ಸಿಸ್ಟರ್. ಎರಡಾಯ್ತು."

ಸಿಸ್ಟರಮ್ಮ ಅಲ್ಲ, ಸಿಸ್ಟರ್. ದೊಡ್ಡ ಸಿಸ್ಟರ್ ತಿರುಗಿ ನೋಡುವ ಮೊದಲೇ ತಾತ, ತನ್ನ ಕಟ್ಟು ಮುಗಿಯುವ ತನಕ ಯಾರೂ ಕದಲುವ ಹಾಗಿಲ್ಲ ಎಂದರು.

"ನಿಮ್ಮದು ಐದು ನಿಮಿಷ ತಡವಾದ್ರೆ ಏನೂ ಆಗಲ್ಲ ತಾತ," ಎಂದಳು ಟೈಲರನ ಹೆಂಡತಿ. "ಇವರದ್ದು ಆಗುತ್ತೆ. ಆಗಿದೆ."

ತಾತ ಬಾಯಿ ತೆರೆದರು, ಮುಚ್ಚಿದರು. ಅವರು ಬಂದ ಎರಡು ತಿಂಗಳಲ್ಲಿ ವಾರ್ಡಿನವರು ಕಾಣದಿದ್ದ ದೃಶ್ಯ. ಉಳಿದ ಎರಡು ಸುತ್ತನ್ನು ಹೊಸ ಸಿಸ್ಟರ್‌ನ ಕೈಗೆ ಬಿಟ್ಟು ದೊಡ್ಡ ಸಿಸ್ಟರ್ ಕೈ ತೊಳೆದುಕೊಂಡು ಬಂದಳು.

ಈ ಸಲ ಆಕೆ ಪಕ್ಕಕ್ಕೆ ಸರಿದು ನಿಲ್ಲಲಿಲ್ಲ. ಹಾಸಿಗೆಯ ಆಚೆ ಬದಿಗೆ ಹೋಗಿ, ಎಲ್ಲಿ ಹಿಡ್ಕೋಬೇಕು ಹೇಳಿ ಎಂದಳು. ಒಂದು ಕೈ ಭುಜದ ಹಿಂದೆ, ಒಂದು ಕೈ ಸೊಂಟದ ಹಿಂದೆ ಎಂದು ದೊಡ್ಡ ಸಿಸ್ಟರ್ ತೋರಿಸಿದಳು. ಎಳೀಬಾರದು, ಎಳೆದರೆ ಚರ್ಮ ಉಜ್ಜುತ್ತೆ, ಎತ್ತಿ ಹೊರಳಿಸಬೇಕು ಎಂದಳು. ಮೂರು ಎಣಿಸಿ ಇಬ್ಬರೂ ಒಟ್ಟಿಗೆ ಎತ್ತಿದರು. ಟೈಲರನ ಮೈ ನಿಧಾನವಾಗಿ ತಿರುಗಿ ಗೋಡೆಯ ಕಡೆಗಾಯಿತು. ಆಕೆ ಈಚೆ ಬದಿಗೆ ಬಂದು ಗೌನು ಸರಿಸಿ ಪಟ್ಟಿಯ ಸುತ್ತ ಚರ್ಮ ನೋಡಿದಳು. ಹೊಲಿಗೆಯಲ್ಲಿ ನೂಲು ತಪ್ಪಿದೆಯೇ ಎಂದು ನೋಡುವ ಕಣ್ಣಿನಿಂದ, ಅವಸರವಿಲ್ಲದೆ ನೋಡಿದಳು. ಹಾಸಿದ ಬಟ್ಟೆಯ ಸುಕ್ಕನ್ನು ಅಂಗೈಯಿಂದ ತಿಕ್ಕಿ ತೆಗೆದಳು. ದೊಡ್ಡ ಸಿಸ್ಟರ್ ಮೊಣಕಾಲುಗಳ ನಡುವೆ ಒಂದು ದಿಂಬು, ಹಿಮ್ಮಡಿಗಳು ಹಾಸಿಗೆಗೆ ತಾಗದ ಹಾಗೆ ಕಾಲ ಕೆಳಗೆ ಇನ್ನೊಂದು ದಿಂಬು ಇಟ್ಟಳು.

"ಕೆಳಗಿನ ಕಾಲು ತಾಗ್ತಿದೆ."

ದೊಡ್ಡ ಸಿಸ್ಟರ್ ದಿಂಬು ಸರಿಸಿದಳು.

"ಇನ್ನೂ ಸ್ವಲ್ಪ."

ಇನ್ನೂ ಸ್ವಲ್ಪ ಸರಿಸಿದಳು. ಆಕೆ ಬಗ್ಗಿ ಹಿಮ್ಮಡಿಗೂ ಹಾಸಿಗೆಗೂ ನಡುವೆ ತನ್ನ ಅಂಗೈ ತೂರಿಸಿ ನೋಡಿದಳು. ಅಂಗೈ ಎಲ್ಲೂ ತಾಗದೆ ಆಚೆ ಬದಿಗೆ ಹೊರಬಂತು. ಸರಿ ಎನ್ನುವ ಹಾಗೆ ತಲೆಯಾಡಿಸಿದಳು.

ದೊಡ್ಡ ಸಿಸ್ಟರ್ ಕಾಯುತ್ತ ನಿಂತಳು. ಏನನ್ನು ಕಾಯುತ್ತಿದ್ದೇನೆ ಎಂದು ಅವಳಿಗೇ ಒಂದು ಕ್ಷಣ ತಿಳಿಯಲಿಲ್ಲ. ಎಂದಿನ ಆ ಪುಣ್ಯದ ಮಾತನ್ನು ಎಂದು ತಿಳಿದಾಗ ನಾಚಿಕೆಯಾಯಿತು.

"ನಾಲ್ಕಕ್ಕೆ ಬನ್ನಿ," ಎಂದಳು ಆಕೆ.

"ಬರ್ತೀನಿ."

ಆಕೆ ಸ್ಟೂಲನ್ನು ಎತ್ತಿಕೊಂಡು, ಹಾಸಿಗೆಗೂ ಗೋಡೆಗೂ ನಡುವೆ ಇದ್ದ ಇಕ್ಕಟ್ಟಿನಲ್ಲಿ ಅಡ್ಡಡ್ಡ ನಡೆದು, ಗಂಡನ ಮುಖದ ಎದುರಿಗೆ ಹಾಕಿಕೊಂಡು ಕುಳಿತಳು.